ಮೂವತ್ತನೆಯ ಹುಟ್ಟುಹಬ್ಬಕ್ಕೆ ಬಂದ ನೋಟಿಸು

ಗೇಮ್ ಬಾಯ್ ಎಂಬ ಪುಟ್ಟ ಆಟಯಂತ್ರಕ್ಕಾಗಿ ನಿಂಟೆಂಡೊ ಕಂಪನಿ 1991ರಲ್ಲಿ ಹೊರತಂದ ‘ಮೆಟ್ರಾಯ್ಡ್ 2: ರಿಟರ್ನ್ ಆಫ್ ಸ್ಯಾಮಸ್’ ಆಟವನ್ನೂ, ಅದನ್ನೇ ತಳಪಾಯದಿಂದ ಮರುಕಟ್ಟಿ ಅರ್ಜೆಂಟೀನಾದ ಮಿಲ್ಟನ್ ಗುವಾಸ್ತಿ 2016ರಲ್ಲಿ ಉಚಿತವಾಗಿ ಹಂಚಿದ ‘ಎಎಂ2ಆರ್’ ಆಟವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಕಣ್ಣು ಮೊದಲು ಹೋಗಿ ನಿಲ್ಲಬೇಕಾದದ್ದು ನಾಯಕಿ ಸ್ಯಾಮಸ್ ಅರಾನ್‌ಳ ಭುಜಗಳ ಮೇಲೆ. ಆಟದ ಆರಂಭದಲ್ಲಿ ಸಾಧಾರಣವಾಗಿರುವ ಆ ಭುಜಗಳು, ‘ವೇರಿಯಾ’ ಎಂಬ ಹೆಚ್ಚಿನ ರಕ್ಷಣೆಯ ಕವಚ ಸಿಕ್ಕಿದ ಕ್ಷಣದಿಂದ ದೊಡ್ಡ ಗೋಳಗಳಾಗಿ ಉಬ್ಬಿಕೊಳ್ಳುತ್ತವೆ. ಅಭಿಮಾನಿಗಳು ಕಟ್ಟಿದ ಆಟಗಳ ಸುತ್ತ ಎದ್ದ ವಿವಾದಗಳಲ್ಲಿ ಇಂದಿಗೂ ಹೆಚ್ಚು ಚರ್ಚೆಗೊಳಗಾಗುವ ಎಎಂ2ಆರ್ ಪ್ರಕರಣದಲ್ಲಿ ಕಾನೂನಿನ ಕಣ್ಣಿಗೆ ಕಾಣದೆ ಹೋದದ್ದು ಏನೆಂಬುದನ್ನು ಈ ಭುಜಗಳಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳುವುದಿಲ್ಲ.

1986ರ ಮೊದಲ ‘ಮೆಟ್ರಾಯ್ಡ್’ ಟಿವಿ ಪರದೆಯ ಮೇಲೆ ಬಣ್ಣದಲ್ಲಿ ಮೂಡುವ ಆಟವಾಗಿತ್ತು. ಆದ್ದರಿಂದ ಸ್ಯಾಮಸ್ ವೇರಿಯಾ ಕವಚ ತೊಟ್ಟದ್ದನ್ನು ತಿಳಿಸಲು ಆಕೆಯ ಉಡುಪಿನ ಬಣ್ಣ ಬದಲಿಸಿದರೆ ಸಾಕಾಗುತ್ತಿತ್ತು. ಗೇಮ್ ಬಾಯ್‌ಗೆ ಆ ಅನುಕೂಲವಿರಲಿಲ್ಲ. ಅಡ್ಡಕ್ಕೆ 160, ಉದ್ದಕ್ಕೆ 144 ಪಿಕ್ಸೆಲ್‌ಗಳಷ್ಟೇ ಇದ್ದ ಅದರ ಪರದೆ ಹಸಿರು ಛಾಯೆಯ ನಾಲ್ಕು ಮಟ್ಟಗಳನ್ನು ಮಾತ್ರ ತೋರಿಸಬಲ್ಲದಾಗಿತ್ತು. ಬಣ್ಣ ಕೈಕೊಟ್ಟಲ್ಲಿ ವಿನ್ಯಾಸಕಾರರು ಆಕಾರದ ಮೊರೆಹೋದರು. ಮಬ್ಬು ಪರದೆಯಲ್ಲೂ ಒಂದು ನೋಟಕ್ಕೆ ವ್ಯತ್ಯಾಸ ತಿಳಿಯಲೆಂದು ಭುಜಗಳನ್ನು ಉಬ್ಬಿಸಿದರು. ಕ್ಷಿಪಣಿ ಹಾರಿಸಲು ಸಿದ್ಧಳಾದಾಗ ಮೊದಲ ಆಟದಲ್ಲಿ ಉಡುಪಿನ ಬಣ್ಣ ಬದಲಾಗುತ್ತಿತ್ತು, ಎರಡನೆಯದರಲ್ಲಿ ಅದರ ಬದಲು ಆಕೆಯ ತೋಳಿಗೆ ಜೋಡಿಸಿದ ಬಂದೂಕಿನ ಮೂತಿ ತೆರೆದುಕೊಳ್ಳತೊಡಗಿತು. ಯಂತ್ರದ ಬಡತನ ಮುಗಿದ ಮೇಲೂ ಈ ಎರಡೂ ಗುರುತುಗಳು ಹೋಗಲಿಲ್ಲ. 1994ರ ‘ಸೂಪರ್ ಮೆಟ್ರಾಯ್ಡ್’ಗೆ ಬೇಕಾದಷ್ಟು ಬಣ್ಣಗಳು ಲಭ್ಯವಿದ್ದರೂ ದುಂಡು ಭುಜ ಉಳಿದುಕೊಂಡಿತು, 2002ರ ‘ಮೆಟ್ರಾಯ್ಡ್ ಪ್ರೈಮ್’ನಲ್ಲಿ ಮೂರು ಆಯಾಮಗಳಿಗೂ ದಾಟಿತು, ಮತ್ತು ಇಂದು ಸ್ಯಾಮಸ್ ಎಂದೊಡನೆ ಜಗತ್ತಿನ ಯಾವ ಮೂಲೆಯ ಆಟಗಾರನ ಮನಸ್ಸಿಗೂ ಬರುವುದು ಆ ಭುಜಗಳೇ. ಕೊರತೆಯೊಂದು ಕಲೆಯಾಗಿ ನೆಲೆಗೊಂಡ ನಿದರ್ಶನಗಳು ವಿಡಿಯೊ ಗೇಮ್‌ಗಳ ಚರಿತ್ರೆಯಲ್ಲಿ ಹಲವಿದ್ದರೂ ಇಷ್ಟು ಚೊಕ್ಕವಾದದ್ದು ವಿರಳ.

ಎಎಂ2ಆರ್‌ನಲ್ಲಿ ಬಣ್ಣಕ್ಕೆ ಯಾವ ಮಿತಿಯೂ ಇಲ್ಲ, ಆದರೂ ಆರಂಭದ ಸ್ಯಾಮಸ್‌ಳ ಭುಜ ಚಿಕ್ಕದು, ವೇರಿಯಾದ ನಂತರದ್ದು ದೊಡ್ಡದು. ಮುಂದೆ ತಾನೇ ಸೇರಿಸಿದ ‘ಗ್ರಾವಿಟಿ’ ಕವಚಕ್ಕೆ ಬಂದಾಗ ಗುವಾಸ್ತಿ ನೇರಳೆ ಬಣ್ಣವನ್ನು ಬಳಸುತ್ತಾರೆ, ಏಕೆಂದರೆ ಆ ಕವಚ ಸರಣಿಗೆ ಬಂದದ್ದು ಬಣ್ಣದ ಕಾಲದಲ್ಲಿ. ಅಂದರೆ ಸರಣಿಯ ಯಾವ ಗುರುತು ಯಾವ ಯಂತ್ರದ ಯಾವ ಒತ್ತಡದಿಂದ ಹುಟ್ಟಿತೆಂಬುದರ ತಿಳಿವಳಿಕೆ ಈ ಮರುಸೃಷ್ಟಿಯ ಪ್ರತಿ ತೆರೆಯಲ್ಲೂ ಕೆಲಸ ಮಾಡಿದೆ.

ಮೂಲದ ಕತೆ ಸರಣಿಯನ್ನು ಬಲ್ಲವರಿಗೆ ಗೊತ್ತಿರುವುದೇ: ಎಸ್‌ಆರ್388 ಎಂಬ ಗ್ರಹಕ್ಕೆ ಹೋಗಿ, ಜೀವಶಕ್ತಿ ಹೀರುವ ಮೆಟ್ರಾಯ್ಡ್‌ಗಳ ಸಂತತಿಯನ್ನೇ ಅಳಿಸಿಹಾಕುವ ಆಜ್ಞೆ ಸ್ಯಾಮಸ್‌ಗೆ ಇರುತ್ತದೆ, ಪರದೆಯ ಮೂಲೆಯಲ್ಲಿ 39ರಿಂದ ಇಳಿಯುವ ಎಣಿಕೆಯೊಂದು ಉಳಿದವೆಷ್ಟು ಎಂಬುದನ್ನು ಹೇಳುತ್ತಿರುತ್ತದೆ, ಆಗಾಗ ನೆಲ ನಡುಗಿ ದಾರಿಗಡ್ಡವಾಗಿದ್ದ ಆಮ್ಲದ ಕೆರೆ ಇಳಿದು ಮುಂದಿನ ಗುಹೆ ತೆರೆಯುತ್ತದೆ. ಕೊನೆಯಲ್ಲಿ ಮೊಟ್ಟೆಯೊಡೆದು ಬಂದ ಮರಿಯೊಂದು ಸ್ಯಾಮಸ್‌ಳನ್ನೇ ತಾಯಿಯೆಂದು ತಿಳಿದು ಹಿಂಬಾಲಿಸುತ್ತದೆ. ಆಕೆ ಅದನ್ನು ಕೊಲ್ಲದೆ, ಯಾವ ಕಾಳಗವೂ ಇಲ್ಲದ ದಾರಿಯಲ್ಲಿ, ಮರಿಯ ಜೊತೆ ತನ್ನ ನೌಕೆಗೆ ಮರಳುತ್ತಾಳೆ. ನಿರ್ಮೂಲನದ ಕತೆಯೊಂದು ಕರುಣೆಯಲ್ಲಿ ಮುಗಿಯುವ ಈ ಕೆಲವು ನಿಮಿಷಗಳು ಆ ಕಾಲದ ಆಟಗಳಲ್ಲಿ ಅಪೂರ್ವವಾದವು. ಇಷ್ಟಾದರೂ ನಕ್ಷೆಯಿಲ್ಲದ, ಒಂದರಂತೆ ಇನ್ನೊಂದು ತೋರುವ ಗುಹೆಗಳ ಈ ಆಟ, ಸರಣಿಯ ಇತರ ಆಟಗಳ ನೆರಳಿನಲ್ಲೇ ಉಳಿದಿತ್ತು. ಮೊದಲ ಆಟಕ್ಕೆ 2004ರಲ್ಲಿ ‘ಜೀರೋ ಮಿಷನ್’ ಎಂಬ ಅಧಿಕೃತ ಮರುರೂಪ ದೊರೆಯಿತು, ಎರಡನೆಯದಕ್ಕೆ ದೊರೆಯಲಿಲ್ಲ.

ಆ ಕೊರತೆಯನ್ನು ತುಂಬಲು ಹೊರಟ ಗುವಾಸ್ತಿ, ಹವ್ಯಾಸಿಗಳೂ ಬಳಸಬಹುದಾದ ‘ಗೇಮ್‌ಮೇಕರ್’ ಎಂಬ ತಂತ್ರಾಂಶದಲ್ಲಿ ಸುಮಾರು ಹತ್ತು ವರ್ಷ ಬಿಡುವಿನ ವೇಳೆಯನ್ನು ಸುರಿದು, ಹಲವು ಸ್ವಯಂಸೇವಕರ ನೆರವಿನಿಂದ ಎಎಂ2ಆರ್ ಅನ್ನು ಮುಗಿಸಿದರು. ಜೀರೋ ಮಿಷನ್‌ನ ಚಿತ್ರಶೈಲಿ, ನಕ್ಷೆ, ಹೊಸ ಆಯುಧಗಳು, ಹೊಸ ಪ್ರದೇಶಗಳು ಎಲ್ಲವೂ ಅದರಲ್ಲಿದ್ದವು. ಮೂಲದ ಹಿನ್ನೆಲೆಯಲ್ಲಿ ಕೇವಲ ಸುದ್ದಿಯಾಗಿದ್ದ ಸಂಶೋಧಕರ ಕಣ್ಮರೆ, ಇಲ್ಲಿ ಒಡೆದು ಬಿದ್ದ ನೌಕೆಯಾಗಿ, ಮೃತದೇಹಗಳಾಗಿ, ಸ್ಯಾಮಸ್‌ಳ ಕವಚದಲ್ಲಿ ದಾಖಲಾಗುವ ಟಿಪ್ಪಣಿಗಳಾಗಿ ಕಣ್ಣೆದುರು ಬರುತ್ತದೆ. ಬಿಡುಗಡೆಗೆ ಆರಿಸಿಕೊಂಡ ದಿನ 2016ರ ಆಗಸ್ಟ್ 6, ಮೆಟ್ರಾಯ್ಡ್ ಸರಣಿಗೆ ಸರಿಯಾಗಿ ಮೂವತ್ತು ವರ್ಷ ತುಂಬಿದ ದಿನ.

ಆಟ ಹೊರಬಿದ್ದ ಬೆನ್ನಲ್ಲೇ, ಅದನ್ನು ಡೌನ್‌ಲೋಡ್‌ಗೆ ಇಟ್ಟಿದ್ದ ತಾಣಗಳಿಗೆ ನಿಂಟೆಂಡೊ ಪರವಾಗಿ ನೋಟಿಸುಗಳು ಬರತೊಡಗಿದವು. ಡಿಎಂಸಿಎ ಎಂದು ಕರೆಯಲಾಗುವ 1998ರ ಅಮೆರಿಕದ ಕಾಯಿದೆಯ ಪ್ರಕಾರ, ತನ್ನ ಕೃತಿಸ್ವಾಮ್ಯ ಉಲ್ಲಂಘನೆಯಾಗಿದೆ ಎಂದು ಹಕ್ಕುದಾರ ಲಿಖಿತವಾಗಿ ತಿಳಿಸಿದರೆ ಜಾಲತಾಣ ಆ ವಸ್ತುವನ್ನು ಕೂಡಲೇ ತೆಗೆಯುವುದು ವಾಡಿಕೆ. ತೆಗೆದರೆ ತಾಣಕ್ಕೆ ಹೊಣೆಗಾರಿಕೆಯಿಂದ ರಕ್ಷಣೆ, ತೆಗೆಯದಿದ್ದರೆ ಮೊಕದ್ದಮೆಯ ಭಯ. ನ್ಯಾಯಾಲಯ, ವಾದ, ಪ್ರತಿವಾದ ಯಾವುದೂ ಇಲ್ಲದೆ ಸಾಮಾನ್ಯವಾಗಿ ವಿಷಯ ಅಲ್ಲಿಗೇ ಮುಗಿಯುತ್ತದೆ. ಸೆಪ್ಟೆಂಬರ್ ವೇಳೆಗೆ ಗುವಾಸ್ತಿ ಆಟದ ಮುಂದಿನ ಕೆಲಸವನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಕಂಪನಿಯನ್ನು ದ್ವೇಷಿಸಬಾರದು, ಮೂಲ ಆಟವನ್ನು ಅಧಿಕೃತ ಅಂಗಡಿಯಿಂದ ಕೊಂಡು ಇಂಥ ಆಟಗಳಿಗೆ ಬೇಡಿಕೆಯಿದೆಯೆಂದು ತೋರಿಸಬೇಕು ಎಂದು ಅವರು ಅಭಿಮಾನಿಗಳಲ್ಲಿ ಕೇಳಿಕೊಂಡದ್ದು ಈ ಪ್ರಕರಣದ ಅತ್ಯಂತ ಘನತೆಯ ಕ್ಷಣ.

ಕಂಪನಿಯ ಪರವಾಗಿ ಹೇಳಬೇಕಾದದ್ದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಪಾತ್ರ, ಗ್ರಹ, ಕತೆ, ರಾಗಗಳ ಒಡೆತನ ನಿಂಟೆಂಡೊದ್ದೇ; ಒಂದು ಕೃತಿಯಿಂದ ಇನ್ನೊಂದನ್ನು ರೂಪಿಸುವ ಹಕ್ಕೂ ಒಡೆಯನಿಗೇ ಸೇರಿದ್ದು; ಹಣ ಪಡೆಯದೆ ಹಂಚಿದ ಮಾತ್ರಕ್ಕೆ ಉಲ್ಲಂಘನೆ ಇಲ್ಲವಾಗುವುದಿಲ್ಲ. ಅಮೆರಿಕದ ಕಾನೂನಿನಲ್ಲಿ ‘ನ್ಯಾಯೋಚಿತ ಬಳಕೆ’ ಎಂಬ ವಿನಾಯಿತಿ ಇದೆಯಾದರೂ, ಅದನ್ನು ತೂಗುವಾಗ ಬಳಕೆಯ ಉದ್ದೇಶ, ಮೂಲಕೃತಿಯ ಸ್ವರೂಪ, ತೆಗೆದುಕೊಂಡ ಪ್ರಮಾಣ, ಮಾರುಕಟ್ಟೆಯ ಮೇಲಾಗುವ ಪರಿಣಾಮ ಎಂಬ ನಾಲ್ಕು ಅಂಶಗಳನ್ನು ನೋಡಬೇಕಾಗುತ್ತದೆ. ಇಡೀ ಆಟವನ್ನೇ ಮರುಕಟ್ಟಿದ ಕೃತಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಕಷ್ಟ. ಕೊನೆಯ ಅಂಶವಂತೂ ಕಂಪನಿಯ ಕಡೆಗೇ ವಾಲುತ್ತದೆ: 2017ರ ಸೆಪ್ಟೆಂಬರ್‌ನಲ್ಲಿ, ಸ್ಪೇನಿನ ಮರ್ಕ್ಯುರಿಸ್ಟೀಮ್ ಸಂಸ್ಥೆಯ ಜೊತೆಗೂಡಿ, ಅದೇ ಮೆಟ್ರಾಯ್ಡ್ 2ರ ಅಧಿಕೃತ ಮರುರೂಪವಾದ ‘ಮೆಟ್ರಾಯ್ಡ್: ಸ್ಯಾಮಸ್ ರಿಟರ್ನ್ಸ್’ ಅನ್ನು ನಿಂಟೆಂಡೊ 3ಡಿಎಸ್ ಯಂತ್ರಕ್ಕೆ ಬಿಡುಗಡೆ ಮಾಡಿತು. ತನ್ನದೇ ಮರುರೂಪ ಬರಲಿರುವಾಗ ಇನ್ನೊಂದು ಉಚಿತವಾಗಿ ಸಿಗುವುದನ್ನು ಯಾವ ವ್ಯಾಪಾರಿಯೂ ಸಹಿಸಲಾರ.

ಆದರೆ ಈ ಸಮರ್ಥನೆಯ ಜೊತೆಗೆ ಮತ್ತೆ ಮತ್ತೆ ಕೇಳಿಬರುವ ಇನ್ನೊಂದು ವಾದವನ್ನು ಒಪ್ಪಲಾಗದು. ತಡೆಯದಿದ್ದರೆ ಹಕ್ಕೇ ಕೈತಪ್ಪುತ್ತದೆ, ಆದ್ದರಿಂದ ಕಂಪನಿಗೆ ಬೇರೆ ದಾರಿಯಿರಲಿಲ್ಲ ಎಂಬುದು ಆ ವಾದ. ಕಾಪಾಡಿಕೊಳ್ಳದಿದ್ದರೆ ಬಲಗುಂದುವುದು ಟ್ರೇಡ್‌ಮಾರ್ಕ್, ಅಂದರೆ ವ್ಯಾಪಾರದ ಗುರುತಿನ ಹಕ್ಕು. ನೋಟಿಸುಗಳಿಗೆ ಆಧಾರವಾದ ಕೃತಿಸ್ವಾಮ್ಯ ಹಾಗೆ ಬಳಸದೆ ಬಿಟ್ಟುದರಿಂದ ಕಳೆದುಹೋಗುವಂಥದ್ದಲ್ಲ, ಮೇಲಾಗಿ ಟ್ರೇಡ್‌ಮಾರ್ಕಿಗೂ ಪರವಾನಗಿ ನೀಡುವ ಮಾರ್ಗವೊಂದು ಸದಾ ತೆರೆದಿರುತ್ತದೆ. ‘ಹಾಫ್-ಲೈಫ್’ ಆಟವನ್ನು ‘ಬ್ಲ್ಯಾಕ್ ಮೇಸಾ’ ಎಂಬ ಹೆಸರಿನಲ್ಲಿ ಅಭಿಮಾನಿಗಳ ತಂಡ ಮರುಸೃಷ್ಟಿಸಿದಾಗ, ಮೂಲದ ಒಡೆಯನಾದ ವಾಲ್ವ್ ಕಂಪನಿ ಅದನ್ನು ತನ್ನದೇ ಅಂಗಡಿಯಲ್ಲಿ ಹಣಕ್ಕೆ ಮಾರಲು ಅನುಮತಿ ಕೊಟ್ಟಿತು; 2012ರಲ್ಲಿ ಉಚಿತವಾಗಿ ಬಂದ ಆ ಕೆಲಸ 2020ರಲ್ಲಿ ಪೂರ್ಣ ಆಟವಾಗಿ ನಿಂತಿತು. ಸೋನಿಕ್ ಅಭಿಮಾನಿಯಾಗಿ ಆರಂಭಿಸಿದ ಕ್ರಿಶ್ಚಿಯನ್ ವೈಟ್‌ಹೆಡ್ ಅವರನ್ನು ಸೆಗಾ ಕಂಪನಿ ಕರೆದು, 2017ರಲ್ಲಿ ‘ಸೋನಿಕ್ ಮೇನಿಯಾ’ವನ್ನು ಅವರ ಕೈಯಲ್ಲೇ ಮಾಡಿಸಿತು. ನಿಂಟೆಂಡೊ ಮಾಡಿದ್ದು ತನ್ನ ಹಕ್ಕಿನೊಳಗಿನ ಒಂದು ಆಯ್ಕೆ, ಕಾನೂನು ಹೇರಿದ ಅನಿವಾರ್ಯತೆಯಲ್ಲ. ಆಯ್ಕೆ ಎಂದ ಮೇಲೆ ಅದು ವಿಮರ್ಶೆಗೆ ಒಳಪಟ್ಟದ್ದೇ.

ಎಎಂ2ಆರ್ ಒಂಟಿಯಾಗಿಯೂ ಇರಲಿಲ್ಲ. ಒಂಬತ್ತು ವರ್ಷಗಳ ಶ್ರಮದಿಂದ ಅದೇ ತಿಂಗಳು ಹೊರಬಂದ ‘ಪೋಕೆಮಾನ್ ಯುರೇನಿಯಂ’ ಎಂಬ ಇನ್ನೊಂದು ಅಭಿಮಾನಿ ಆಟ, 15 ಲಕ್ಷಕ್ಕೂ ಹೆಚ್ಚು ಡೌನ್‌ಲೋಡ್‌ಗಳ ನಂತರ ಇದೇ ಬಗೆಯ ನೋಟಿಸುಗಳಿಗೆ ಮಣಿದು ಹಿಂದೆ ಸರಿಯಿತು. ಆ ವರ್ಷದ ‘ಗೇಮ್ ಅವಾರ್ಡ್ಸ್’ ಪ್ರಶಸ್ತಿಯ ಅತ್ಯುತ್ತಮ ಅಭಿಮಾನಿ ಸೃಷ್ಟಿ ವಿಭಾಗದಲ್ಲಿ ಎರಡೂ ಆಟಗಳು ನಾಮನಿರ್ದೇಶನಗೊಂಡು, ಬಳಿಕ ಯಾವ ಪ್ರಕಟಣೆಯೂ ಇಲ್ಲದೆ ಪಟ್ಟಿಯಿಂದ ಮಾಯವಾದವು. ಪ್ರಶ್ನೆಗಳೆದ್ದ ಮೇಲಷ್ಟೇ, ಅವುಗಳಿಗೆ ನಿಂಟೆಂಡೊದಿಂದ ಕಾನೂನು ಒಪ್ಪಿಗೆ ಇರಲಿಲ್ಲವೆಂಬ ವಿವರಣೆ ಸಂಘಟಕರಿಂದ ಬಂತು. ಹಂಚಿಕೆಯನ್ನು ತಡೆಯುವುದು ಒಂದು ಮಾತು, ಮೆಚ್ಚುಗೆಯ ಪಟ್ಟಿಯಿಂದಲೂ ಹೆಸರು ಅಳಿಯುವುದು ಬೇರೆಯೇ ಮಾತು. ಕೃತಿಸ್ವಾಮ್ಯ ಕಾಯಿದೆಯ ಯಾವ ವಿಧಿಯೂ ಕೃತಿಯೊಂದನ್ನು ಹೊಗಳಬಾರದೆಂದು ಹೇಳುವುದಿಲ್ಲ.

ಕಾನೂನಿನ ಗದ್ದಲದಲ್ಲಿ ಹಿಂದೆ ಸರಿದ ಇನ್ನೊಂದು ಟೀಕೆ ಸರಣಿಯ ಹಳೆಯ ಅಭಿಮಾನಿಗಳಿಂದಲೇ ಬಂದದ್ದು, ಮತ್ತು ಅದು ಹೆಚ್ಚು ತೂಕದ್ದು. ಮೂಲದ ಇಕ್ಕಟ್ಟೇ ಅದರ ಜೀವಾಳ, ಎಎಂ2ಆರ್ ಅದನ್ನು ಸಡಿಲಿಸಿತು ಎನ್ನುತ್ತದೆ ಈ ಟೀಕೆ. ಇದರಲ್ಲಿ ನಿಜವಿದೆ. ಗೇಮ್ ಬಾಯ್ ಪರದೆಯಲ್ಲಿ ಒಟ್ಟು 23,040 ಪಿಕ್ಸೆಲ್‌ಗಳಿದ್ದರೆ ಎಎಂ2ಆರ್‌ನ ಚೌಕಟ್ಟಿನಲ್ಲಿ 76,800 ಇವೆ. ಮೂಲದಲ್ಲಿ ಪುಟ್ಟ ಪರದೆಗೆ ಹೋಲಿಸಿದರೆ ಸ್ಯಾಮಸ್‌ಳ ಆಕೃತಿ ದೊಡ್ಡದಾಗಿದ್ದು, ಮುಂದಿನ ಹೆಜ್ಜೆಯಲ್ಲಿ ಏನಿದೆಯೆಂದು ಕಾಣದ ಭಯ ಸದಾ ಇರುತ್ತಿತ್ತು, ಮರುಸೃಷ್ಟಿಯಲ್ಲಿ ಮೆಟ್ರಾಯ್ಡ್ ದೂರದಿಂದಲೇ ಕಾಣುತ್ತದೆ. ನಕ್ಷೆ ಬಂದುದರಿಂದ ದಾರಿ ತಪ್ಪುವ ಆತಂಕ ಹೋಯಿತು. ಆಳದ ಗುಹೆಗಳಲ್ಲಿ ಬಿಡಿಬಿಡಿಯಾಗಿ ಕೇಳಿಸುತ್ತಿದ್ದ, ಸಂಗೀತವೋ ಸದ್ದೋ ತಿಳಿಯದ ನಾದಗಳ ಜಾಗಕ್ಕೆ ಸುಶ್ರಾವ್ಯ ರಾಗಗಳು ಬಂದವು. ಇಷ್ಟೆಲ್ಲ ಬದಲಾಯಿಸಿಯೂ ಗುವಾಸ್ತಿ ಕೊನೆಯ ನಡಿಗೆಯನ್ನು ಮುಟ್ಟಲಿಲ್ಲ: ಮರಿಯೊಡನೆ ಮೇಲೇರುವ ದಾರಿ ಎಎಂ2ಆರ್‌ನಲ್ಲೂ ಶಾಂತವಾಗಿಯೇ ಇದೆ. ಅಧಿಕೃತ ಮರುರೂಪವಾದ ಸ್ಯಾಮಸ್ ರಿಟರ್ನ್ಸ್ ಅದೇ ಜಾಗದಲ್ಲಿ ಸರಣಿಯ ಹಳೆಯ ಖಳ ರಿಡ್ಲಿಯನ್ನು ತಂದು ನಿಲ್ಲಿಸಿ ದೊಡ್ಡ ಕಾಳಗವೊಂದನ್ನು ಸೇರಿಸಿತು. ಮೂಲದ ಆತ್ಮ ಎಲ್ಲಿದೆಯೆಂದು ಹಕ್ಕುದಾರನಿಗಿಂತ ಅಭಿಮಾನಿ ಚೆನ್ನಾಗಿ ಅರಿತಿದ್ದನೆಂಬುದಕ್ಕೆ ಈ ಒಂದು ವ್ಯತ್ಯಾಸವೇ ಸಾಕು. ಕಾಳಗವಾಗಿ ಅದು ಸೊಗಸಾಗಿಯೇ ಇದೆ, ಆದರೆ ಅದು ಅಲ್ಲಿ ಇರಬಾರದಿತ್ತು.

ನಂತರದ ಸಂಗತಿಗಳನ್ನು ಚಿಕ್ಕದಾಗಿ ಹೇಳಬಹುದು. ಆಸ್ಟ್ರಿಯಾದ ಮೂನ್ ಸ್ಟುಡಿಯೋಸ್ ಗುವಾಸ್ತಿಯವರನ್ನು ಆಟದ ಹಂತಗಳ ವಿನ್ಯಾಸಕಾರರಾಗಿ ಸೇರಿಸಿಕೊಂಡಿತು, 2020ರ ‘ಓರಿ ಆ್ಯಂಡ್ ದ ವಿಲ್ ಆಫ್ ದ ವಿಸ್ಪ್ಸ್’ ಆಟದಲ್ಲಿ ಅವರ ಕೆಲಸವಿದೆ. ಅವರು ಕೈಬಿಟ್ಟ ಎಎಂ2ಆರ್ ಅನ್ನು ಇತರ ಅಭಿಮಾನಿಗಳು ಬಿಚ್ಚಿ ಅಭ್ಯಸಿಸಿ, ದೋಷ ತಿದ್ದಿ, ಹೊಸ ಆವೃತ್ತಿಗಳನ್ನು ಹೊರತರುತ್ತ ಹೋದರು. 1991ರ ಮೂಲ ಆಟ 2023ರ ಫೆಬ್ರುವರಿಯಲ್ಲಿ ನಿಂಟೆಂಡೊ ಸ್ವಿಚ್‌ನ ಚಂದಾ ಸೇವೆಗೆ ಸೇರಿತು. ಅದೇ ವರ್ಷದ ಮಾರ್ಚ್ 27ರಂದು 3ಡಿಎಸ್ ಯಂತ್ರದ ಆನ್‌ಲೈನ್ ಅಂಗಡಿಯಲ್ಲಿ ನಿಂಟೆಂಡೊ ಹೊಸ ಖರೀದಿಯನ್ನು ನಿಲ್ಲಿಸಿತು, ಯಾವ ಮರುರೂಪದ ಮಾರುಕಟ್ಟೆಯನ್ನು ಕಾಯಲು ಎಎಂ2ಆರ್ ಮರೆಯಾಗಬೇಕಾಯಿತೆಂದು ವಾದಿಸಲಾಗುತ್ತದೆಯೋ ಆ ಸ್ಯಾಮಸ್ ರಿಟರ್ನ್ಸ್ ಅಂದಿನಿಂದ ಅಲ್ಲಿ ಕೊಳ್ಳಲು ಸಿಗುವುದಿಲ್ಲ.