ಕ್ಲೌಡಿಗೆ ಹೋಗುವ ಸ್ವಂತ ದಾರಿ

ನಮ್ಮ ಪಾಠಶಾಲೆಯಲ್ಲಿ ಕಲಿತು ಹೋದ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗ ಕಂಪನಿಗಳ ಗಣಕಯಂತ್ರಗಳನ್ನು ನೋಡಿಕೊಳ್ಳುವ ಉದ್ಯೋಗದಲ್ಲಿದ್ದಾರೆ. ಅಂಥವರು ಅರ್ಧರಾತ್ರಿಯಲ್ಲಿಯೋ, ಆದಿತ್ಯವಾರದ ಆರಾಧನೆಯ ನಡುವೆಯೋ ಫೋನು ಬಂದೊಡನೆ ಎದ್ದು ಹೋಗುವುದುಂಟು. ಕಾರಣವೇನೆಂದು ತಾಯಿ ಕೇಳಿದರೆ, ‘ಕ್ಲೌಡಿನ ಲಿಂಕು ಬಿದ್ದಿದೆ’ ಎಂಬ ಉತ್ತರ ಬರುತ್ತದೆ. ಈ ಲಿಂಕು ಎಂಥದೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುವೆವು.

ಕ್ಲೌಡ್ ಎಂದರೆ ಮೋಡವಾದರೂ ಅದು ಇರುವುದು ನೆಲದ ಮೇಲೆಯೇ. ದೊಡ್ಡ ಕಟ್ಟಡಗಳಲ್ಲಿ ಗಣಕಯಂತ್ರಗಳನ್ನು ಸಾಲುಸಾಲಾಗಿ ನಿಲ್ಲಿಸಿ, ಅವುಗಳನ್ನು ಬಾಡಿಗೆಗೆ ಕೊಡುವ ಏರ್ಪಾಡಿಗೆ ಆ ಹೆಸರು. ಅಮೆಜಾನಿನವರು ಇಂಥ ಏರ್ಪಾಡನ್ನು ಮುಂಬಯಿಯಲ್ಲಿ 2016ರಲ್ಲಿಯೂ ಹೈದರಾಬಾದಿನಲ್ಲಿ 2022ರಲ್ಲಿಯೂ ತೆರೆದರು. ಕಂಪನಿಯ ಕಚೇರಿಯಿಂದ ಅಲ್ಲಿಗೆ ಹೋಗುವ ಸಾಮಾನ್ಯವಾದ ದಾರಿ ಇಂಟರ್‌ನೆಟ್. ಅದು ಸಂತೆಯ ದಿನದ ಹೆದ್ದಾರಿಯಂತೆ ಸರ್ವರಿಗೂ ಸೇರಿದ್ದು. ಮನೆಯ ಹುಡುಗರು ನೋಡುವ ಸಿನಿಮವೂ ಬ್ಯಾಂಕಿನ ಲೆಕ್ಕವೂ ಅದರಲ್ಲಿ ಒಂದರ ಹಿಂದೊಂದು ನುಗ್ಗುವವು. ಈ ಕ್ಷಣದಲ್ಲಿ ಬೇಗನೆ ಸೇರಿದ್ದು ಮರುಕ್ಷಣದಲ್ಲಿ ತಡವಾಗಬಹುದು.

ಆದುದರಿಂದ ಸ್ವಂತ ದಾರಿಯ ಕಲ್ಪನೆ ಹುಟ್ಟಿತು. ಅಮೆಜಾನಿನವರು 2011ರಲ್ಲಿ ‘ಡೈರೆಕ್ಟ್ ಕನೆಕ್ಟ್’ ಎಂಬುದನ್ನೂ ಮೈಕ್ರೋಸಾಫ್ಟಿನವರು 2014ರಲ್ಲಿ ‘ಎಕ್ಸ್‌ಪ್ರೆಸ್‌ರೂಟ್’ ಎಂಬುದನ್ನೂ ಒದಗಿಸಿದರು. ಕಂಪನಿಯು ಟೆಲಿಫೋನು ಸಂಸ್ಥೆಯಿಂದ ಫೈಬರ್ ತಂತಿಯೊಂದನ್ನು ಬಾಡಿಗೆಗೆ ಹಿಡಿದು, ರೈಲ್ವೆ ಜಂಕ್ಷನ್ನಿನಂತಿರುವ ಒಂದು ಸಂಧಿಸ್ಥಾನದವರೆಗೆ ತರುತ್ತದೆ. ಅಲ್ಲಿ ಕ್ಲೌಡಿನವರ ರೌಟರೂ ಇರುತ್ತದೆ. ಇವೆರಡನ್ನು ಒಂದು ಚಿಕ್ಕ ತಂತಿಯು ಕೂಡಿಸುತ್ತದೆ. ಅಲ್ಲಿಂದಾಚೆಗೆ ಕ್ಲೌಡಿನವರದೇ ದಾರಿ. ಇಂಥ ತಂತಿಯಲ್ಲಿ ಕ್ಷಣಕ್ಕೆ 1, 10 ಅಥವಾ 100 ಗಿಗಾಬಿಟ್ ಸಾಗಬಹುದು. ಎರಡು ಕಡೆಯ ರೌಟರುಗಳು ಬಿ.ಜಿ.ಪಿ. ಎಂಬ ಪದ್ಧತಿಯಿಂದ ತಮ್ಮತಮ್ಮ ಕಡೆಯ ವಿಳಾಸಗಳನ್ನು ಒಂದಕ್ಕೊಂದು ತಿಳಿಸುತ್ತಿರುವವು. ಒಂದರ ಮಾತು ನಿಂತರೆ ಇನ್ನೊಂದು ದಾರಿ ಮುಚ್ಚಿತೆಂದರಿತು, ಬೇರೆ ದಾರಿಯಿದ್ದಲ್ಲಿ ಅದನ್ನು ಹಿಡಿಯುವುದು.

ಸ್ವಂತದ್ದೆಂದ ಮಾತ್ರಕ್ಕೆ ಅದು ಗುಪ್ತವಾದುದೆಂದು ಅನೇಕರು ನಂಬಿರುವರು. ಹಾಗಲ್ಲ. ಬೇರೆ ಏರ್ಪಾಡು ಮಾಡದಿದ್ದರೆ ಡೈರೆಕ್ಟ್ ಕನೆಕ್ಟ್ ತಂತಿಯಲ್ಲಿ ಹೋಗುವ ವಿಷಯಕ್ಕೆ ಗುಪ್ತಲಿಪಿಯ ಹೊದಿಕೆ ಇರುವುದಿಲ್ಲ. ನಂಬಿಗೆಯ ಆಳಿನ ಕೈಯಲ್ಲಿ ಕಳುಹಿಸಿದರೂ ಲಕೋಟೆ ಅಂಟಿಸದ ಕಾಗದವು ತೆರೆದ ಕಾಗದವೇ ಅಲ್ಲವೆ?

ಇದು ಎಂದಿಗೂ ಮುರಿಯದೆಂಬ ನಂಬಿಕೆಯೋ ಇನ್ನೂ ಅಪಾಯಕರವಾದುದು. 2021ನೆಯ ಸೆಪ್ಟೆಂಬರ್ 2ರಂದು ಜಪಾನಿನಲ್ಲಿ ನಡೆದದ್ದನ್ನು ನೋಡಿರಿ. ಬೆಳಿಗ್ಗೆ 7-30ಕ್ಕೆ ಅಮೆಜಾನಿನ ಟೋಕಿಯೋ ಕೇಂದ್ರಕ್ಕೆ ಹೋಗುವ ಡೈರೆಕ್ಟ್ ಕನೆಕ್ಟ್ ದಾರಿಗಳು ತಡವರಿಸತೊಡಗಿದವು. ಪೂರ್ತಿಯಾಗಿ ಸರಿಹೋದದ್ದು ಮಧ್ಯಾಹ್ನ 1-42ಕ್ಕೆ. ಬ್ಯಾಂಕುಗಳು, ಷೇರು ವ್ಯಾಪಾರದ ಕಂಪನಿಗಳು, ವಿಮಾನ ಸಂಸ್ಥೆಗಳು ಕೆಲಸ ಸಾಗದೆ ಕಷ್ಟಪಟ್ಟವು. ತಂತಿ ಎಲ್ಲಿಯೂ ಕಡಿದಿರಲಿಲ್ಲ. ಸಂಧಿಸ್ಥಾನದಿಂದ ಯಂತ್ರಗಳ ಕಟ್ಟಡಕ್ಕೆ ಹೋಗುವ ಅಮೆಜಾನಿನವರದೇ ದಾರಿಯಲ್ಲಿ ಕೆಲವು ಉಪಕರಣಗಳು ಕೆಟ್ಟಿದ್ದವು. ಆದಕಾರಣ ಎರಡು ಸಂಧಿಸ್ಥಾನಗಳಿಗೆ ತಂತಿ ಹಾಕಿಸಿಕೊಂಡಿದ್ದವರಿಗೂ ಪಾರಾಗುವ ಭರವಸೆಯಿರಲಿಲ್ಲ. ವಿಚಿತ್ರವೇನೆಂದರೆ, ತಂತಿ ಕಡಿದಾಗ ಬೇಗನೆ ದಾರಿ ಬದಲಿಸಲೆಂದು ಕೆಲವು ತಿಂಗಳ ಹಿಂದೆ ಹೊಸದಾಗಿ ತಂದಿದ್ದ ಪದ್ಧತಿಯೇ ಈ ಕೇಡಿಗೆ ಎಡೆಗೊಟ್ಟಿತ್ತು. ಅದನ್ನು ತೆಗೆದುಹಾಕಿದ ಮೇಲೆ ಉಪಕರಣಗಳು ಸ್ಥಿರವಾದವು.

ಆ ಹೊತ್ತಿನಲ್ಲೆಲ್ಲ ಸಂತೆಯ ಹೆದ್ದಾರಿಯಾದ ಇಂಟರ್‌ನೆಟ್ ಮಾತ್ರ ಟೋಕಿಯೋ ಕೇಂದ್ರಕ್ಕೆ ತೆರೆದೇ ಇತ್ತು. ಅದರೊಳಗೇ ಗುಪ್ತಲಿಪಿಯಲ್ಲಿ ಸಾಗುವ ವಿ.ಪಿ.ಎನ್. ಎಂಬ ದಾರಿಯೂ ಕೆಡಲಿಲ್ಲ. ಇದರ ಖರ್ಚು ಸ್ವಂತ ತಂತಿಯ ಖರ್ಚಿಗಿಂತ ಬಹಳ ಕಡಿಮೆ. ಚಿಕ್ಕ ಕಚೇರಿಗಳಿಗೆ ಅಷ್ಟೇ ಸಾಕೆಂದು ನಮ್ಮ ಅಭಿಪ್ರಾಯ. ದೊಡ್ಡ ಕಂಪನಿಗಳು ಸ್ವಂತ ದಾರಿಯೊಂದಿಗೆ ಅದನ್ನೂ ಇಟ್ಟುಕೊಳ್ಳುವುದುಂಟು. ಆಗ ಮುಖ್ಯ ದಾರಿಯನ್ನು ಬೇಕೆಂದೇ ಕೆಲಹೊತ್ತು ಮುಚ್ಚಿ, ಬದಲು ದಾರಿ ತಾನಾಗಿ ತೆರೆಯುವುದೋ ಎಂದು ಪರೀಕ್ಷಿಸಬೇಕಾಗುತ್ತದೆ. ಇಂಥ ಪರೀಕ್ಷೆಯನ್ನು ಕಚೇರಿಯ ಕೆಲಸವಿಲ್ಲದ ವೇಳೆಯಲ್ಲಿಯೇ ಮಾಡಬೇಕಾದುದರಿಂದ, ಮಗಳು ಎದ್ದು ಕುಳಿತ ರಾತ್ರಿಗಳಲ್ಲಿ ಕೆಲವು ಇದಕ್ಕಾಗಿಯೂ ಇರಬಹುದು.