ರಾಣಿಯ ತುಟಿಗೆ ಪಿನ್ನು, ಜಾರ್ಜ್ ಕಿವಿಗೆ ಶಿಲುಬೆ

ರಾಣಿಯ ತುಟಿಗೇ ಸೇಫ್ಟಿ ಪಿನ್ ಚುಚ್ಚಿಬಿಟ್ಟರು ನೋಡಿ! 1977, ಇಂಗ್ಲೆಂಡ್. ಎರಡನೇ ಎಲಿಜಬೆತ್ ಪಟ್ಟಕ್ಕೆ ಬಂದು 25 ವರ್ಷ ಅಂತ ಊರೆಲ್ಲ ಸಂಭ್ರಮ. ಅದೇ ಹೊತ್ತಿಗೆ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ರಾಕ್ ಬ್ಯಾಂಡಿನ ಹಾಡು ಬಂತು; ಅದರ ಪ್ರಚಾರಕ್ಕೆ ಕಲಾವಿದ ಜೇಮೀ ರೀಡ್ ಮಾಡಿದ ಪೋಸ್ಟರಿನಲ್ಲಿತ್ತು ಈ ಪಿನ್ನು. ಬಿಬಿಸಿ ಹಾಡನ್ನು ನಿಷೇಧಿಸಿತು. ಆದರೂ ಅದು ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿತು.

ಪಂಕ್ ಹುಡುಗರು ಪಿನ್ನನ್ನು ಹರಿದ ಅಂಗಿಗೂ ಹಾಕಿದರು, ಕಿವಿಗೂ, ಕೆನ್ನೆಗೂ. ಧೈರ್ಯ ಮೆಚ್ಚಿದೆ. ಆದರೆ ಬಟ್ಟೆ ಪಿನ್ನು ಚರ್ಮಕ್ಕಲ್ಲ ಕಣ್ರೀ, ತುರಿಕೆ, ಕೀವು ಎರಡಕ್ಕೂ ದಾರಿ.

ನನ್ನ ಓಟು ಗಾಯಕ ಜಾರ್ಜ್ ಮೈಕೆಲ್‌ಗೆ. ವ್ಯಾಮ್ ಬ್ಯಾಂಡಿನ ಕಾಲದಲ್ಲೇ ಕಿವಿಯಲ್ಲಿ ರಿಂಗು. ಬ್ಯಾಂಡ್ ಒಡೆದ ಮೇಲೆ, 1987ರ ‘ಫೇಯ್ತ್’ ವಿಡಿಯೊದಲ್ಲಿ ನೋಡಿ: ಕುರುಚಲು ಗಡ್ಡ, ಚರ್ಮದ ಜಾಕೆಟ್, ಒಂದೇ ಕಿವಿಯಲ್ಲಿ ತೂಗುವ ಶಿಲುಬೆ. ಗಂಡಸಿನ ಕಿವಿಗೆ ಓಲೆ ಅಂತ ಅಲ್ಲಿ ಹುಬ್ಬೇರಿಸಿದವರಿದ್ದರು. ನಮ್ಮ ಅಜ್ಜಂದಿರು ಕಿವಿಗೆ ಹತ್ತಕಡಕು ಹಾಕ್ಕೊಂಡೇ ಹೊಲಕ್ಕೆ ಹೋಗ್ತಿದ್ದರು, ಬಿಡಿ.

90ರ ದಶಕದಲ್ಲಿ ಸ್ಪೈಸ್ ಗರ್ಲ್ಸ್ ಬ್ಯಾಂಡಿನ ಗಾಯಕಿ ಮೆಲ್ ಬಿ ನಾಲಿಗೆಗೇ ಚುಚ್ಚಿಸಿಕೊಂಡರು. ಅವರಿಗೆ ಒಪ್ಪುತ್ತೆ, ನನಗೆ ಬೇಡಪ್ಪ. ನಾಲಿಗೆ ಊದುತ್ತೆ ಅಂತಲೇ ಮೊದಲು ಉದ್ದದ ಕಡ್ಡಿ ಹಾಕಿ, ಊತ ಇಳಿದ ಮೇಲೆ ಗಿಡ್ಡದ್ದು ಹಾಕ್ತಾರೆ. ಅದು ಹಲ್ಲಿಗೆ ಟಕ್ ಟಕ್ ಬಡಿದು ಚಕ್ಕೆ ಏಳೋದೂ ಉಂಟು. ಊತ ಇಳಿಯೋವರೆಗೆ ಬಿಸಿ ಬೋಂಡ ಬಿಟ್ಟು ಯಾರು ಇರ್ತಾರೆ?

ಇನ್ನು ಕಿವಿಗೆ ಚುಚ್ಚಿಸಿದರೆ, ಹಾಲೆ ಸುಮಾರು 6ರಿಂದ 8 ವಾರದಲ್ಲಿ ಮಾಗುತ್ತೆ. ಮೇಲಿನ ಗಟ್ಟಿ ಭಾಗ ವರ್ಷವಾದರೂ ಸತಾಯಿಸಬಹುದು. ಚುಚ್ಚಿಸಲೇಬೇಕಾ? ಚುಚ್ಚುವ ಗನ್ ಬೇಡ ಅನ್ನಿ. ಹೊಸ ಸೂಜಿಯ ಪೊಟ್ಟಣ ಕಣ್ಣೆದುರೇ ಬಿಚ್ಚಲಿ, ಮೊದಲ ಓಲೆ ಟೈಟಾನಿಯಂನದ್ದಿರಲಿ.