ಸೈದಾಪುರದ ಬಿಸಿಲಿಗೆ ಯಾವ ಫಿಲಂ?

ಗ್ರೇನ್ ಸಣ್ಣಗಿರುವ ಕಪ್ಪು-ಬಿಳುಪು ಫಿಲಂ ಬೇಕೆಂದರೆ ಬೆಂಗಳೂರಿನ ಗೆಳೆಯರು ಮೊದಲು ಟ್ರೈಪಾಡ್ ಇದೆಯಾ ಎಂದು ಕೇಳುತ್ತಾರೆ. ಬೆಳ್ಳಿಯ ಹರಳು ಸಣ್ಣದಾದಷ್ಟೂ ಫಿಲಂ ಮಂದ, ಬೆಳಕು ಜಾಸ್ತಿ ಬೇಕು ಎಂಬ ಲೆಕ್ಕ ಅವರದು. ಸೈದಾಪುರದಲ್ಲಿ ಆ ಚಿಂತೆಯೇ ಇಲ್ಲ. ಬೇಸಿಗೆಯಲ್ಲಿ ಬೆಳಗಿನ ಒಂಬತ್ತಕ್ಕೇ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಕಣ್ಣು ಕಿರಿದು ಮಾಡಿಕೊಂಡೇ ನಿಲ್ಲಬೇಕು. ಐಎಸ್‌ಒ 50ರ ಇಲ್‌ಫರ್ಡ್ ಪ್ಯಾನ್ ಎಫ್ ಪ್ಲಸ್ ಹಾಕಿದರೂ ಎಫ್/8ರಲ್ಲಿ 1/125 ಸೆಕೆಂಡು ಸಲೀಸಾಗಿ ಸಿಗುತ್ತದೆ. ಕೈಯಲ್ಲೇ ಹಿಡಿದು ತೆಗೆಯಬಹುದು.

ಇಲ್ಲಿ ಕಾಡುವುದು ಕಾಂಟ್ರಾಸ್ಟ್. ಬಿಳಿ ಧೋತರ, ಬಿಳಿ ರುಮಾಲು, ಎರೆಹೊಲ, ನೆತ್ತಿಯ ಮೇಲೆ ಸೂರ್ಯ. ರುಮಾಲಿನ ಮಡಿಕೆ ಉಳಿಸಲು ಹೋದರೆ ಅದರ ನೆರಳಿನಲ್ಲಿರುವ ಕಣ್ಣೆರಡೂ ಮಸಿಯಾಗುತ್ತವೆ. ಪ್ಯಾನ್ ಎಫ್ ಮೊದಲೇ ಗಡುಸು ಸ್ವಭಾವದ್ದು. ಅದಕ್ಕೆ ಇನ್ನೊಂದು ಕೊರತೆಯೂ ಉಂಟು: ತೆಗೆದ ರೋಲನ್ನು ತೊಳೆಯದೆ ಇಟ್ಟರೆ ಚಿತ್ರ ಮಸುಕಾಗುತ್ತ ಹೋಗುತ್ತದೆ. ಮೂರು ತಿಂಗಳೊಳಗೆ ತೊಳೆಯಿರಿ ಎಂದು ಕಂಪನಿಯೇ ಹೇಳುತ್ತದೆ. ನಮ್ಮ ಸೆಕೆಯಲ್ಲಿ ಅಷ್ಟು ದಿನವೂ ಕಾಯಬಾರದು.

ಗ್ರೇನ್ ಒಂದನ್ನೇ ನೋಡುವವರಿಗೆ ಕೊಡಾಕ್ ಟಿ-ಮ್ಯಾಕ್ಸ್ 100 ಇದೆ. ಅದರ ಹರಳುಗಳು ಚಪ್ಪಟೆ. ಬೆಳಕಿಗೆ ಅಗಲವಾಗಿ ಮೈಯೊಡ್ಡುವುದರಿಂದ ವೇಗ ಬಿಟ್ಟುಕೊಡದೆ ನುಣುಪು ಕೊಡುತ್ತವೆ. ಕೊಡಾಕ್‌ನ ಅಳತೆಯಲ್ಲೇ ಇದರ ಗ್ರೇನ್ ಅಂಕ 8, ಟ್ರೈ-ಎಕ್ಸ್ 400ರದು 17. ಆದರೆ ಡೆವಲಪರಿನ ಬಿಸಿ ಚೂರು ಏರಿದರೂ ಇದಕ್ಕೆ ಸಿಟ್ಟು, ಬಿಳಿ ಭಾಗವೆಲ್ಲ ಸುಟ್ಟಂತಾಗುತ್ತದೆ.

ನನ್ನ ಓಟು ಇಲ್‌ಫರ್ಡ್ ಎಫ್‌ಪಿ4 ಪ್ಲಸ್‌ಗೆ. ಹಳೇ ಮಾದರಿಯ ಹರಳು, ಗ್ರೇನ್ ಒಂಚೂರು ದಪ್ಪ, ಆದರೆ ಸಹನೆ ಜಾಸ್ತಿ. ಡಬ್ಬಿಯ ಮೇಲೆ 125 ಎಂದಿದ್ದರೂ ಮೀಟರನ್ನು 64ಕ್ಕೆ ಇಟ್ಟು ತೆಗೆದು, ಡೆವಲಪ್ ಮಾಡುವ ಹೊತ್ತಿನಲ್ಲಿ ಐದರಲ್ಲೊಂದು ಪಾಲು ಕಡಿಮೆ ಮಾಡಿದರೆ ರುಮಾಲೂ ಉಳಿಯುತ್ತದೆ, ಕಣ್ಣೂ ಕಾಣುತ್ತದೆ. ಯಾವುದಾದರೂ ಸ್ಟುಡಿಯೊದ ಅಟ್ಟದಲ್ಲಿ ಹಳೇ ಜೋಡಿ-ಲೆನ್ಸಿನ ಯಾಶಿಕಾ ಕ್ಯಾಮೆರಾ ಸಿಕ್ಕಿತೋ, 120 ರೋಲೇ ಹಾಕಿ. 35 ಎಂಎಂಗಿಂತ ಮೂರೂವರೆ ಪಟ್ಟು ದೊಡ್ಡ ನೆಗೆಟಿವ್. ಹಿಗ್ಗಿಸುವುದು ಕಡಿಮೆ, ಗ್ರೇನ್ ಜಗಳವೂ ಕಡಿಮೆ.

ಹಿಗ್ಗಿಸದಿದ್ದ ಕಾಲವೂ ಇತ್ತು. 1850ರ ದಶಕದಲ್ಲಿ ಬಿಜಾಪುರದ ಕಟ್ಟಡಗಳನ್ನು ತೆಗೆದ ಥಾಮಸ್ ಬಿಗ್ಸ್ ಬಳಸಿದ್ದು ಕಾಗದದ ನೆಗೆಟಿವ್. ಆ ಚಿತ್ರಗಳು 1866ರಲ್ಲಿ ಪುಸ್ತಕವಾದಾಗ ಇತಿಹಾಸದ ಭಾಗ ಬರೆದವರು ನಮ್ಮ ಸುರಪುರದಲ್ಲಿ ವರ್ಷಗಟ್ಟಲೆ ಇದ್ದ ಮೆಡೋಸ್ ಟೇಲರ್. ನೆಗೆಟಿವ್‌ನಷ್ಟೇ ಅಳತೆಯ ಪ್ರಿಂಟು. ನುಣುಪು ಕೆಡಿಸುತ್ತಿದ್ದುದು ಬೆಳ್ಳಿಯಲ್ಲ, ಕಾಗದದ ನಾರು.

ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ಫಿಲಂ ನಿಂತ ಮೇಲೆ ನಮಗೆ ಸಿಗುವುದೆಲ್ಲ ಹೊರದೇಶದ ದುಬಾರಿ ಸರಕು. ಕೆಡಿಸಿಕೊಳ್ಳುವ ಹಾಗಿಲ್ಲ. ರೋಲನ್ನು ಫ್ರಿಜ್ಜಿನಲ್ಲಿಡಿ, ಹೊರತೆಗೆದ ಮೇಲೆ ಡಬ್ಬಿಯನ್ನು ತಕ್ಷಣ ತೆರೆಯಬೇಡಿ, ತೇವ ಕೂರುತ್ತದೆ. ಮೇ ತಿಂಗಳಲ್ಲಿ ಮಾಳಿಗೆಯ ಟಾಕಿಯ ನೀರು ನೇರ ಬಳಸಿದರೆ ಕೆಲಸ ಕೆಟ್ಟಂತೆಯೇ. ಡೆವಲಪರ್ 20 ಡಿಗ್ರಿಗೆ ಇರಬೇಕು. ಟಬ್ಬಿನಲ್ಲಿ ಐಸ್ ನೀರು ತುಂಬಿ ಬಾಟಲಿಗಳನ್ನು ಅದರಲ್ಲಿ ನಿಲ್ಲಿಸಿ. ಫಿಕ್ಸರ್, ತೊಳೆಯುವ ನೀರು ಎರಡೂ ಅದೇ ಹದದಲ್ಲಿರಲಿ. ತಣ್ಣಗಿನದರಿಂದ ಬಿಸಿಗೆ ಹಾಕಿದರೆ ಜೆಲಾಟಿನ್ ಸುಕ್ಕುಗಟ್ಟಿ, ದುಡ್ಡು ಕೊಟ್ಟು ತಂದ ನುಣುಪೆಲ್ಲ ಹೋಗುತ್ತದೆ. 20ಕ್ಕೆ ಇಳಿಯಲೇ ಇಲ್ಲವೆಂದರೆ 24ರಲ್ಲಿ ಹೊತ್ತು ಇಳಿಸಿ ಮಾಡಬಹುದು, ಐದು ನಿಮಿಷಕ್ಕಿಂತ ಕಡಿಮೆಯಾಗದಂತೆ ಮಾತ್ರ. ಡಿ-76 ಡೆವಲಪರಿಗೆ ಸಮಪಾಲು ನೀರು ಬೆರೆಸಿದರೆ ಆ ಹೊತ್ತು ತಾನಾಗೇ ಸಿಗುತ್ತದೆ.